ಗಂಡನ ಯೂರಿನ್ ಎಸಿಆರ್ 128 ಬಂದಿದೆ. ಕಿಡ್ನಿ ರಿಪೋರ್ಟಿಗೆ ಎಕೋ, ಕಾಲಿನ ಡಾಪ್ಲರ್ ಯಾಕೆ?

ತೋಟದಮನೆ_ಪುತ್ತೂರು:

ಎಲ್ಲರಿಗೂ ನಮಸ್ಕಾರ. ಇಲ್ಲಿ ಡಾಕ್ಟ್ರುಗಳೂ ಇದ್ದೀರಿ, ಶುಗರಿನ ಜತೆ ವರ್ಷಗಟ್ಟಲೆ ಬಾಳಿದವರೂ ಇದ್ದೀರಿ. ಹಾಗಾಗಿ ಧೈರ್ಯ ಮಾಡಿ ಕೇಳ್ತಿದ್ದೇನೆ.

ನಮ್ಮ ಇವರಿಗೆ 51 ವರ್ಷ. ಶುಗರ್ ಇದೆ ಅಂತ ಗೊತ್ತಾಗಿ ಒಂಬತ್ತು ವರ್ಷ ಆಯ್ತು. ಅಡಿಕೆ ತೋಟ ಉಂಟು, ಸ್ವಲ್ಪ ಕಾಳುಮೆಣಸು. ಮೆಟ್‌ಫಾರ್ಮಿನ್, ಗ್ಲಿಮಿಪ್ರೈಡ್ ತಗೊಳ್ತಾರೆ, ಆದರೆ ತೋಟದಲ್ಲಿ ಕೆಲಸ ಜಾಸ್ತಿ ಇದ್ದ ದಿನ ಮಧ್ಯಾಹ್ನದ ಮಾತ್ರೆ ಮರೆತೇ ಹೋಗ್ತದೆ. ಬೀಡಿ, ಸಿಗರೇಟು, ಕುಡಿತ ಯಾವುದೂ ಇಲ್ಲ. ಎಲೆಯಡಿಕೆ ಜತೆ ಹೊಗೆಸೊಪ್ಪು ಮಾತ್ರ ಉಂಟು. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ ಆಗಲೇಬೇಕು. ಮಳೆಗಾಲದಲ್ಲಿ ಉಪ್ಪುಸೊಳೆ ಪಲ್ಯ, ಹಪ್ಪಳ.

ಕಳೆದ ತಿಂಗಳು ಮಂಗಳೂರಿನಲ್ಲಿ ಪೂರ್ತಿ ಚೆಕಪ್ ಮಾಡಿಸಿದೆವು. ರಿಪೋರ್ಟ್ ಹೀಗಿದೆ: ಎಚ್‌ಬಿಎ1ಸಿ (ಮೂರು ತಿಂಗಳ ಶುಗರಿನ ಸರಾಸರಿ ಲೆಕ್ಕ) 8.4, ಕ್ರಿಯಾಟಿನಿನ್ (ಕಿಡ್ನಿ ಹೊರಹಾಕುವ ಕಸ) 1.1, ಇಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸ್ತದೆ ಅನ್ನುವ ಲೆಕ್ಕ) 81, ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ (ಎಸಿಆರ್, ಮೂತ್ರದಲ್ಲಿ ಹೋಗುವ ಆಲ್ಬುಮಿನ್ ಎಂಬ ಪ್ರೋಟೀನಿನ ಲೆಕ್ಕ) 128, ಬಿಪಿ 148/92, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 124. ಕಣ್ಣಿನ ಡಾಕ್ಟ್ರು 'ಮೈಲ್ಡ್ ಎನ್‌ಪಿಡಿಆರ್' (ಶುಗರಿನಿಂದ ಅಕ್ಷಿಪಟಲಕ್ಕೆ ಆಗುವ ಹಾನಿಯ ಆರಂಭ) ಅಂತ ಬರೆದಿದ್ದಾರೆ. ಮೊದಲೆಲ್ಲ ಇಲ್ಲೇ ಲ್ಯಾಬಿನಲ್ಲಿ ಮೂತ್ರ ಪರೀಕ್ಷೆ ಮಾಡಿಸಿದಾಗ ಆಲ್ಬುಮಿನ್ 'ನಿಲ್' ಅಂತಲೇ ಬರುತ್ತಿತ್ತು. ಈಗ ಒಮ್ಮೆಲೇ 128 ಹೇಗೆ?

ಡಾಕ್ಟ್ರು ಬಿಪಿಗೆ ಟೆಲ್ಮಿಸಾರ್ಟಾನ್ 40, ಶುಗರಿಗೆ ಡಾಪಾಗ್ಲಿಫ್ಲೋಜಿನ್ 10, ಕೊಲೆಸ್ಟ್ರಾಲಿಗೆ ರೋಸುವಾಸ್ಟಾಟಿನ್ 10 ಹೊಸದಾಗಿ ಬರೆದರು. ಜತೆಗೆ ಇಸಿಜಿ, ಎಕೋ (ಹಾರ್ಟಿನ ಸ್ಕ್ಯಾನ್), ಎರಡೂ ಕಾಲಿನ ಡಾಪ್ಲರ್ (ನಾಳದಲ್ಲಿ ರಕ್ತ ಹರಿಯುವುದನ್ನು ನೋಡುವ ಸ್ಕ್ಯಾನ್). ಇವರಿಗೆ ಸಿಟ್ಟು ಬಂತು. "ಮೂತ್ರದಲ್ಲಿ ಎಂತದೋ ಬಂದದ್ದಕ್ಕೆ ಹಾರ್ಟು, ಕಾಲು ಯಾಕೆ ನೋಡುದು, ದುಡ್ಡು ಮಾಡ್ಲಿಕ್ಕೆ" ಅಂತ ಸ್ಕ್ಯಾನ್ ಮಾಡಿಸದೆ ಬಂದುಬಿಟ್ಟರು. ಬಿಪಿ ಮಾತ್ರೆ ಒಮ್ಮೆ ಶುರು ಮಾಡಿದರೆ ಬಿಡ್ಲಿಕ್ಕೆ ಆಗುದಿಲ್ಲ ಅಂತ ಅದನ್ನೂ ಮುಟ್ಟಿಲ್ಲ. ಮೈಗೆ ಏನೂ ತೊಂದರೆ ಇಲ್ಲ ಅಂತಾರೆ. ಇಲ್ಲ ಅಂತಲೇ ಹೇಳಬೇಕು, ಗುಡ್ಡೆ ಹತ್ತುವಾಗ ಬಲಗಾಲಿನ ಮೀನಖಂಡ ಹಿಡಿದುಕೊಳ್ತದೆ, ಸ್ವಲ್ಪ ನಿಂತರೆ ಸರಿಯಾಗ್ತದೆ, ಅಷ್ಟೇ. ಕೊಯ್ಲಿನ ಸಮಯದಲ್ಲಿ ಸೊಂಟನೋವಿಗೆ ಮೆಡಿಕಲ್ಲಿನಿಂದ ನೋವಿನ ಮಾತ್ರೆ ತರಿಸಿ ತಿನ್ನುತ್ತಾರೆ.

ನನ್ನ ಹೆದರಿಕೆಗೆ ಕಾರಣ ಉಂಟು. ನಮ್ಮ ಮಾವನವರಿಗೂ ಶುಗರ್ ಇತ್ತು. ಕೊನೆಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಬಂದವಳು ನಾನೇ. ಡಯಾಲಿಸಿಸ್ ಇಲ್ಲದ ಒಂದು ದಿನ ಬೆಳಗಿನ ಜಾವ ಹಾರ್ಟ್ ಅಟ್ಯಾಕ್ ಆಗಿ ಹೋದರು. ಅದನ್ನೆಲ್ಲ ಕಂಡವಳಿಗೆ ಈ ರಿಪೋರ್ಟ್ ನೋಡಿ ನಿದ್ದೆ ಬರುವುದಿಲ್ಲ. ಇವರಿಗೂ ಅದೇ ದಾರಿಯಾ? ಇನ್ನೆಷ್ಟು ವರ್ಷದಲ್ಲಿ? ತಡೆಯಲಿಕ್ಕೆ ಆಗ್ತದಾ?


ನಿವೃತ್ತ_ಫಿಸಿಷಿಯನ್_ಶಿವಮೊಗ್ಗ:

ತಾಯೀ, ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ ಫಿಸಿಷಿಯನ್ ಆಗಿದ್ದು ನಿವೃತ್ತನಾದವನು. ನಿಮ್ಮ ಯಜಮಾನರನ್ನು ನಾನು ನೋಡಿಲ್ಲ, ಹಾಗಾಗಿ ಮಾತ್ರೆಯ ಪ್ರಮಾಣ ಹೆಚ್ಚು ಕಡಿಮೆ ಮಾಡುವ ಮಾತು ನನ್ನಿಂದ ಬೇಡ. ಎಕೋ, ಡಾಪ್ಲರ್ ಯಾಕೆ ಎಂಬ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ನಿಮ್ಮ ಉಳಿದ ಪ್ರಶ್ನೆಗಳ ಉತ್ತರವೂ ಅದರೊಳಗೇ ಇದೆ.

ಮೂತ್ರದಲ್ಲಿ ಆಲ್ಬುಮಿನ್ 128 ಬಂತೆಂದರೆ ಮೈಯಲ್ಲಿರುವ ರಕ್ತನಾಳಗಳ ಒಳಪದರಕ್ಕೇ ಪೆಟ್ಟು ಬೀಳತೊಡಗಿದೆ ಎಂದು ತಿಳಿಯಬೇಕು. ಕಿಡ್ನಿಯಲ್ಲಿ ಆ ಪೆಟ್ಟನ್ನು ಒಂದು ಲೋಟ ಮೂತ್ರದಿಂದ ಅಳೆಯಬಹುದು. ಹೃದಯದಲ್ಲಿ, ಕಾಲಿನಲ್ಲಿ ಅಷ್ಟು ಸುಲಭವಾಗಿ ಅಳೆಯಲಾಗುವುದಿಲ್ಲ. ಡೆನ್ಮಾರ್ಕಿನ ಸ್ಟೆನೋ ಆಸ್ಪತ್ರೆಯ ವೈದ್ಯರು 1989ರಲ್ಲೇ ಇದನ್ನು ಸ್ಪಷ್ಟವಾಗಿ ಬರೆದರು: ಮೂತ್ರದಲ್ಲಿ ಸೋರುವ ಆಲ್ಬುಮಿನ್ ಇಡೀ ದೇಹದ ರಕ್ತನಾಳಗಳ ಹಾನಿಯ ಗುರುತು ಎಂದು. ನಿಮ್ಮವರ ಕಣ್ಣಿನ ರಿಪೋರ್ಟ್ ಅದಕ್ಕೆ ಸಾಕ್ಷಿ. ಅಕ್ಷಿಪಟಲದ ಸಣ್ಣ ನಾಳಗಳೂ ಕಿಡ್ನಿಯ ಸಣ್ಣ ನಾಳಗಳೂ ಒಟ್ಟೊಟ್ಟಿಗೆ ಕೆಡುತ್ತಾ ಬಂದಿವೆ.

ಈಗ ಆ ಮೀನಖಂಡದ ಮಾತು. ನೀವು 'ಅಷ್ಟೇ' ಎಂದು ಬರೆದದ್ದನ್ನು ಓದಿ ನಾನು ಎದ್ದು ಕೂತೆ. ಹತ್ತುವಾಗ ಮೀನಖಂಡ ಹಿಡಿಯುವುದು, ನಿಂತರೆ ಕೆಲವೇ ನಿಮಿಷದಲ್ಲಿ ಬಿಡುವುದು, ಮತ್ತೆ ಅಷ್ಟೇ ದೂರ ಹತ್ತಿದರೆ ಮತ್ತೆ ಹಿಡಿಯುವುದು ಕಾಲಿನ ದೊಡ್ಡ ರಕ್ತನಾಳ ಕಿರಿದಾದಾಗ ಬರುವ ನೋವಿನ ಲಕ್ಷಣ. ಕೆಲಸದ ಸುಸ್ತಾದರೆ ನಿಂತ ತಕ್ಷಣ ಬಿಡುವುದಿಲ್ಲ, ರಾತ್ರಿ ಮಲಗಿದ ಮೇಲೂ ಇರುತ್ತದೆ. ನಿಮ್ಮ ಡಾಕ್ಟರು ಇದನ್ನು ಕೇಳಿ ತಿಳಿದೋ, ಪಾದದ ನಾಡಿ ಮುಟ್ಟಿ ನೋಡಿಯೋ ಡಾಪ್ಲರ್ ಬರೆದಿರಬೇಕು. ಅದನ್ನು ಖಂಡಿತ ಮಾಡಿಸಿ. ಅದಕ್ಕೂ ಮೊದಲು ಒಂದು ಸರಳ ಪರೀಕ್ಷೆ ಇದೆ, ಪಾದದ ಗಿಣ್ಣಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿ ನೋಡುವುದು. 0.9ಕ್ಕಿಂತ ಕಡಿಮೆ ಬಂದರೆ ನಾಳ ಕಿರಿದಾಗಿದೆ ಎಂದರ್ಥ. ಆದರೆ ಬಹಳ ವರ್ಷದ ಶುಗರಿನಲ್ಲಿ ನಾಳದ ಗೋಡೆಗೆ ಸುಣ್ಣ ಕಟ್ಟಿ ಗಟ್ಟಿಯಾಗುವುದರಿಂದ ಆ ಲೆಕ್ಕ ಸುಳ್ಳಾಗಿ ಹೆಚ್ಚು ಬರುವುದೂ ಉಂಟು. ಆಗ ಡಾಪ್ಲರೇ ಬೇಕು.

ಕಾಲಿನ ನಾಳ ಕಿರಿದಾದವರಲ್ಲಿ ಹೃದಯದ ನಾಳ ಚೊಕ್ಕವಾಗಿರುವುದು ಅಪರೂಪ. ಶುಗರ್ ಇದ್ದವರಿಗೆ ಎದೆನೋವು ಕಾಣಿಸಿಕೊಳ್ಳದೆಯೇ ಹೃದಯಾಘಾತ ಆಗಬಹುದು. ಬರೀ ಸುಸ್ತು, ಬೆವರು, ಏದುಸಿರು ಇಷ್ಟರಲ್ಲೇ ಮುಗಿದುಹೋಗುತ್ತದೆ. ಇಸಿಜಿ, ಎಕೋ ಬರೆದದ್ದು ಈ ಕಾರಣಕ್ಕೆ. ಇನ್ನೊಂದು ಮಾತು, ಸಂಕೋಚದಿಂದ ಯಾರೂ ಹೇಳುವುದಿಲ್ಲ: ಗಂಡಸರಲ್ಲಿ ದಾಂಪತ್ಯದ ತೊಂದರೆ ಶುರುವಾಗಿದ್ದರೆ ಅದೂ ರಕ್ತನಾಳದ್ದೇ ಮುನ್ಸೂಚನೆ ಇರಬಹುದು. ಅವರೊಬ್ಬರೇ ಹೋಗಿ ಡಾಕ್ಟರ ಹತ್ತಿರ ಹೇಳಿಕೊಳ್ಳಲಿ.

ಕಿಡ್ನಿಯಲ್ಲಿ ಏನು ನಡೆಯುತ್ತಿದೆ ಅಂತ ಯಜಮಾನರಿಗೆ ತೋಟದ ಭಾಷೆಯಲ್ಲೇ ಹೇಳಿ. ಒಂದೊಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ಸೂಕ್ಷ್ಮ ಸೋಸುಗಗಳಿವೆ. ದಿನಕ್ಕೆ ಸುಮಾರು 180 ಲೀಟರ್ ದ್ರವ ಅವುಗಳಲ್ಲಿ ಸೋಸಿ ಹೋಗುತ್ತದೆ, ಹೆಚ್ಚುಕಡಿಮೆ ಎಲ್ಲವೂ ವಾಪಸು ರಕ್ತಕ್ಕೇ ಸೇರುತ್ತದೆ. ಶುಗರ್ ಏರಿದಾಗ ಸೋಸುಗದೊಳಕ್ಕೆ ಬರುವ ನಾಳ ಅಗಲವಾಗುತ್ತದೆ, ಹೊರಗೆ ಹೋಗುವ ನಾಳ ಬಿಗಿಯುತ್ತದೆ. ಪಂಪ್ ಜೋರಾಗಿ ಬಿಟ್ಟು ಸ್ಪ್ರಿಂಕ್ಲರ್ ಪೈಪಿನ ಕೊನೆಯ ಗೇಟ್‌ವಾಲ್ವನ್ನು ಅರ್ಧ ಮುಚ್ಚಿದರೆ ಜಾಯಿಂಟುಗಳಿಗೆ ಏನಾಗುತ್ತದೋ ಅದೇ. ಮೊದಮೊದಲು ಸೋಸುವಿಕೆ ಹೆಚ್ಚೇ ಇರುತ್ತದೆ, ಕ್ರಿಯಾಟಿನಿನ್ ಚೆನ್ನಾಗಿಯೇ ಕಾಣುತ್ತದೆ. ಒಳಗೆ ನಾಳದ ಮೇಲಿನ ನವಿರಾದ ಲೇಪ ಸವೆಯುತ್ತದೆ, ಪೊರೆ ದಪ್ಪವಾಗುತ್ತದೆ, ಅದನ್ನು ಹೊರಗಿನಿಂದ ಹಿಡಿದುಕೊಂಡಿರುವ ಪೋಡೋಸೈಟ್ ಎಂಬ ಕೋಶಗಳು ಉದುರುತ್ತವೆ. ರಕ್ತದಲ್ಲೇ ಇರಬೇಕಾದ ಆಲ್ಬುಮಿನ್ ಆಗ ಹೊರಗೆ ಸೋರುತ್ತದೆ. ಟೆಲ್ಮಿಸಾರ್ಟಾನ್ ಹೊರಹೋಗುವ ನಾಳದ ಬಿಗಿ ಸಡಿಲಿಸುತ್ತದೆ, ಡಾಪಾಗ್ಲಿಫ್ಲೋಜಿನ್ ಒಳಬರುವ ನಾಳದ ಅಗಲ ತಗ್ಗಿಸುತ್ತದೆ. ಎರಡೂ ಸೇರಿ ಒಳಗಿನ ಒತ್ತಡ ಇಳಿಸುತ್ತವೆ. ಟೆಲ್ಮಿಸಾರ್ಟಾನನ್ನು ಬರೀ ಬಿಪಿ ಮಾತ್ರೆ ಎಂದುಕೊಂಡು ಬಿಟ್ಟಿದ್ದಾರಲ್ಲ, ಅದು ಅವರ ಕಿಡ್ನಿಗೆ ಬೇಕಾದ ಮೊದಲ ಮಾತ್ರೆ.

ಹಿಂದೆ 'ನಿಲ್' ಬಂದದ್ದು, ಈಗ 128 ಬಂದದ್ದು ವಿಚಿತ್ರವೇನಲ್ಲ. ಸಾಮಾನ್ಯ ಪಟ್ಟಿ ಅದ್ದಿ ನೋಡುವ ಪರೀಕ್ಷೆ ಇಷ್ಟು ಸಣ್ಣ ಸೋರಿಕೆಯನ್ನು ಹೆಚ್ಚಾಗಿ ಹಿಡಿಯುವುದೇ ಇಲ್ಲ. ಎಸಿಆರ್ 30ರ ಒಳಗಿದ್ದರೆ ಸರಿ, 30ರಿಂದ 300 ಆರಂಭದ ಹಂತ, 300 ದಾಟಿದರೆ ಮುಂದುವರಿದದ್ದು. ಆದರೆ ಒಂದೇ ಸಲದ ಲೆಕ್ಕದ ಮೇಲೆ ತೀರ್ಮಾನ ಬೇಡ. ಜ್ವರ, ಮೂತ್ರದ ಸೋಂಕು, ಹಿಂದಿನ ದಿನದ ಭಾರೀ ಮೈಕೆಲಸ, ಏರಿದ ಬಿಪಿ, ಏರಿದ ಶುಗರ್ ಇವೆಲ್ಲವೂ ಅದನ್ನು ತಾತ್ಕಾಲಿಕವಾಗಿ ಏರಿಸುತ್ತವೆ. ಅಡಿಕೆ ಮೂಟೆ ಹೊತ್ತ ಮರುದಿನ ಪರೀಕ್ಷೆ ಬೇಡ. ಮೂರರಿಂದ ಆರು ತಿಂಗಳೊಳಗೆ, ಬೆಳಿಗ್ಗೆ ಎದ್ದ ಕೂಡಲೇ ಹಿಡಿದ ಮೂತ್ರದಲ್ಲಿ, ಇನ್ನೆರಡು ಸಲ ಮಾಡಿಸಿ. ಮೂರರಲ್ಲಿ ಎರಡು 30 ದಾಟಿದರೆ ಖಚಿತ. ಅಲ್ಲಿಯವರೆಗೆ ಮಾತ್ರೆ ತಡೆಹಿಡಿಯುವುದೂ ಬೇಡ. 148/92 ಬಿಪಿಗೆ ಅದು ಹೇಗೂ ಬೇಕೇ ಬೇಕು.

'ಇನ್ನೆಷ್ಟು ವರ್ಷ' ಎಂದು ಕೇಳಿದ್ದೀರಿ. ಒಬ್ಬ ಮನುಷ್ಯನ ವಿಷಯದಲ್ಲಿ ಇಷ್ಟೇ ವರ್ಷ ಎಂದು ಹೇಳುವ ಡಾಕ್ಟರನ್ನು ನಂಬಬೇಡಿ. ಗುಂಪಿನ ಲೆಕ್ಕ ಮಾತ್ರ ಹೇಳಬಹುದು. ಬ್ರಿಟನ್ನಿನಲ್ಲಿ ಹೊಸದಾಗಿ ಟೈಪ್ 2 ಮಧುಮೇಹ ಪತ್ತೆಯಾದ ಸುಮಾರು 5,000 ಜನರನ್ನು ವರ್ಷಾನುಗಟ್ಟಲೆ ಗಮನಿಸಿದ ಯುಕೆಪಿಡಿಎಸ್ ಅಧ್ಯಯನದ ಲೆಕ್ಕ 2003ರಲ್ಲಿ ಬಂತು. ನಿಮ್ಮವರ ಹಂತದಲ್ಲಿದ್ದವರ ಪೈಕಿ ವರ್ಷಕ್ಕೆ ಶೇ 2.8 ಜನ 300 ದಾಟಿದ ಮುಂದಿನ ಹಂತಕ್ಕೆ ಹೋದರು. ಅದೇ ಹಂತದಲ್ಲಿದ್ದವರಲ್ಲಿ ವರ್ಷಕ್ಕೆ ಶೇ 3 ಜನ ತೀರಿಕೊಂಡರು. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಈ ಹಂತದಲ್ಲಿರುವವರಿಗೆ ಡಯಾಲಿಸಿಸ್ ಯಂತ್ರಕ್ಕಿಂತ ಮೊದಲು ಎದುರಾಗುವ ಅಪಾಯ ಹೃದಯದ್ದು. ನಿಮ್ಮ ಮಾವನವರನ್ನೂ ಕೊನೆಗೆ ಕರೆದುಕೊಂಡು ಹೋದದ್ದು ಹೃದಯವೇ ಅಲ್ಲವೇ, ತಾಯೀ.

ಇದನ್ನು ಹೆದರಿಸಲು ಹೇಳುತ್ತಿಲ್ಲ. ಇದೇ ಸ್ಟೆನೋ ಆಸ್ಪತ್ರೆಯಲ್ಲಿ ಟೈಪ್ 2 ಮಧುಮೇಹವೂ ಇಷ್ಟೇ ಆರಂಭದ ಆಲ್ಬುಮಿನ್ ಸೋರಿಕೆಯೂ ಇದ್ದ 160 ಜನರನ್ನು ಎರಡು ಗುಂಪು ಮಾಡಿದರು. 80 ಜನರಿಗೆ ಆ ಕಾಲದ ಮಾಮೂಲಿ ಚಿಕಿತ್ಸೆ. ಇನ್ನು 80 ಜನರಿಗೆ ಶುಗರ್, ಬಿಪಿ, ಕೊಬ್ಬು, ಆಹಾರ, ವ್ಯಾಯಾಮ, ತಂಬಾಕು ಬಿಡಿಸುವುದು ಎಲ್ಲವನ್ನೂ ಒಟ್ಟಿಗೇ ಹಿಡಿದು ಬಿಗಿಯಾದ ಚಿಕಿತ್ಸೆ. ಸುಮಾರು ಎಂಟು ವರ್ಷದ ಹೊತ್ತಿಗೆ ಮೊದಲ ಗುಂಪಿನಲ್ಲಿ ಶೇ 44 ಜನರಿಗೆ ಹೃದಯ, ಮೆದುಳು, ಕಾಲಿನ ರಕ್ತನಾಳದ ದೊಡ್ಡ ಆಘಾತ ಆಗಿತ್ತು. ಎರಡನೆಯದರಲ್ಲಿ ಶೇ 24. ಹದಿಮೂರು ವರ್ಷದ ಹೊತ್ತಿಗೆ ಮೊದಲ ಗುಂಪಿನಲ್ಲಿ 40 ಜನ, ಎರಡನೆಯದರಲ್ಲಿ 24 ಜನ ತೀರಿಕೊಂಡಿದ್ದರು. ಕಿಡ್ನಿ ಪೂರ್ತಿ ಸೋತವರು ಮೊದಲ ಗುಂಪಿನಲ್ಲಿ ಆರು, ಎರಡನೆಯದರಲ್ಲಿ ಒಬ್ಬರು. ಇಪ್ಪತ್ತೊಂದು ವರ್ಷದ ಹೊತ್ತಿಗೆ ನೋಡಿದರೆ ಬಿಗಿ ಚಿಕಿತ್ಸೆಯವರ ಆಯಸ್ಸು ಸರಾಸರಿ ಎಂಟು ವರ್ಷದಷ್ಟು ಉದ್ದವಾಗಿತ್ತು. ಡಾಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆಗಳು ಇನ್ನೂ ಬಂದಿರದ ಕಾಲದಲ್ಲಿ ಶುರುವಾದ ಪ್ರಯೋಗ ಅದು.

ಸೋರಿಕೆ ಹಿಂದಕ್ಕೂ ಹೋಗುತ್ತದೆ. ಜಪಾನಿನಲ್ಲಿ ಇದೇ ಹಂತದ 216 ಜನರನ್ನು ಆರು ವರ್ಷ ನೋಡಿದಾಗ ಶೇ 51 ಜನ ಸಾಮಾನ್ಯ ಮಟ್ಟಕ್ಕೆ ಮರಳಿದ್ದರು, ಶೇ 28 ಜನ ಮುಂದಿನ ಹಂತಕ್ಕೆ ಜಾರಿದ್ದರು. ಬಿಪಿ ಹಿಡಿತದಲ್ಲಿದ್ದವರು, ಶುಗರ್ ಹಿಡಿತದಲ್ಲಿದ್ದವರು, ಟೆಲ್ಮಿಸಾರ್ಟಾನ್ ರೀತಿಯ ಔಷಧ ತೆಗೆದುಕೊಂಡವರು, ಸೋರಿಕೆ ಶುರುವಾಗಿ ಹೆಚ್ಚು ಕಾಲ ಆಗದವರು ಹಿಂದಕ್ಕೆ ಬಂದವರಲ್ಲಿ ಹೆಚ್ಚು. ನಿಮ್ಮವರ ಇಜಿಎಫ್‌ಆರ್ 81 ಇನ್ನೂ ಚೆನ್ನಾಗಿದೆ. ಈಗ ಸಿಕ್ಕಿದ್ದು ಒಳ್ಳೆಯ ಹೊತ್ತಿನಲ್ಲೇ ಸಿಕ್ಕಿದೆ.

ಹೊಗೆಸೊಪ್ಪು ಬಿಡಲೇಬೇಕು. ಹೊಗೆ ಬರುವುದಿಲ್ಲವಲ್ಲ ಎನ್ನುತ್ತಾರೆ, ಆದರೆ ನಿಕೋಟಿನ್ ಬಾಯಿಯ ಮೂಲಕವೇ ರಕ್ತಕ್ಕೆ ಹೋಗಿ ನಾಳಗಳನ್ನು ಬಿಗಿಸುತ್ತದೆ. ಆ ಮೀನಖಂಡಕ್ಕೆ ಅದು ನೇರ ವೈರಿ. ಇನ್ನು ನೋವಿನ ಮಾತ್ರೆ. ಡೈಕ್ಲೋಫಿನಾಕ್, ಐಬುಪ್ರೊಫೇನ್, ಅಸೆಕ್ಲೋಫಿನಾಕ್, ನಿಮೆಸುಲೈಡ್ ಯಾವುದೇ ಇರಲಿ, ಇನ್ನು ಮುಂದೆ ಮನೆಗೆ ತರಬೇಡಿ. ಬಿಸಿಲಲ್ಲಿ ಬೆವರಿ ನೀರು ಕಡಿಮೆಯಾದ ಮೈಗೆ ಟೆಲ್ಮಿಸಾರ್ಟಾನ್ ಜತೆ ಅದು ಸೇರಿದರೆ ಕಿಡ್ನಿ ಒಂದೇ ವಾರದಲ್ಲಿ ಕೈಕೊಟ್ಟದ್ದನ್ನು ನಾನು ವಾರ್ಡಿನಲ್ಲಿ ಕಂಡಿದ್ದೇನೆ. ಸೊಂಟನೋವಿಗೆ ಪ್ಯಾರಾಸಿಟಮಾಲ್ ಇರಲಿ, ಬಿಸಿನೀರಿನ ಶಾಖ ಕೊಡಿ.


ಕಂಡಕ್ಟರ್_ಗದಗ:

ಅಕ್ಕಾರ, ನಮಸ್ಕಾರ್ರೀ. ಡಾಕ್ಟರ್ ಸಾಹೇಬ್ರು ಎಲ್ಲಾ ಬಿಡಿಸಿ ಹೇಳ್ಯಾರ. ನಾನು ಇದ್ರಾಗ ಹಾದು ಬಂದಾಂವ, ನಂದೊಂದೀಟು ಕೇಳ್ರಿ.

ನನಗ ಎಸಿಆರ್ 210 ಬಂದಿತ್ತು. ಇದ ಮಾತ್ರಿಗಳ ಕೊಟ್ರು. ಈಗ 40ರ ಆಜೂಬಾಜು ಐತಿ. ಮನ್ಯಾಗ ತೋಳಿಗೆ ಕಟ್ಟೋ ಬಿಪಿ ಮಶಿನ್ ತಂದು ಇಟ್ಗೊಂಡೀನಿ, ಡ್ಯೂಟಿಗೆ ಹೋಗೋಕಿಂತ ಮೊದಲ ಐದು ನಿಮಿಷ ಸುಮ್ಮನ ಕುಂತು ನೋಡಿ ಟ್ರಿಪ್‌ಶೀಟಿನ ಹಂಗ ಒಂದು ನೋಟಬುಕ್ಕಿನ್ಯಾಗ ಬರೀತೀನಿ. ಆಸ್ಪತ್ರಿಯಾಗ ನೋಡಿದ್ರ ಒಂದು ಬರ್ತೈತಿ, ಮನ್ಯಾಗ ಒಂದು ಬರ್ತೈತಿ. ಡಾಕ್ಟರ್ ನನ್ನ ಬುಕ್ಕ ನೋಡಿನ ಮಾತ್ರಿ ಹೆಚ್ಚು ಮಾಡಿದ್ರು. 130/80 ಒಳಗ ಬರಬೇಕು ಅಂದ್ರು, ಬಂತು.

ಆ ಡಾಪಾ ಮಾತ್ರಿ ಬಗ್ಗೆ ಒಂದು ಮಾತು ಹೇಳ್ತೀನಿ, ಗಂಡಸ್ರು ನಾಚಿಕಿ ಪಟ್ಟು ಹೇಳಂಗಿಲ್ಲ. ಸಕ್ರಿ ಮೂತ್ರದಾಗ ಹೊರಗ ಹೋಗೂದರಿಂದ ಆ ಜಾಗಾದಾಗ ತುರಿಕಿ, ಫಂಗಸ್ ಆಗಬಹುದು. ಪ್ರತಿ ಸಲ ನೀರು ಹಾಕಿ ತೊಳದು ಒರಸಿಕೊಂಡ್ರ ಆಗೂದು ಕಡಿಮಿ. ಆದ್ರೂ ಆತಂದ್ರ ಮುಲಾಮು ಹಚ್ಚಿದ್ರ ಹೋಗ್ತೈತಿ, ಅಷ್ಟಕ್ಕ ಮಾತ್ರಿ ಬಿಡಬ್ಯಾಡ್ರಿ ಅಂತ ಹೇಳ್ರಿ ಯಜಮಾನ್ರಿಗೆ. ಮದಲಿಗೆ ಕ್ರಿಯಾಟಿನಿನ್ ಒಂದೀಟು ಏರ್ತೈತಿ, ಅದಕ್ಕೂ ಗಾಬರಿ ಆಗಬ್ಯಾಡ್ರಿ, ಮುಂದ ನಿಲ್ಲತೈತಿ ಅಂತ ನನಗ ಹೇಳಿದ್ರು. ಹಂಗ ಆತು.

ರೊಕ್ಕದ ಚಿಂತಿ ಇದ್ರ ಜನೌಷಧಿ ಅಂಗಡಿಯಾಗ ಕೇಳ್ರಿ. ಡಾಪಾಗ್ಲಿಫ್ಲೋಜಿನ್ ಪೇಟೆಂಟು ಮುಗದೈತಿ, ಅದ ಜಾತಿಯ ಎಂಪಾಗ್ಲಿಫ್ಲೋಜಿನ್‌ದು 2025ರ ಮಾರ್ಚಿನ್ಯಾಗ ಮುಗೀತು, ಭಾಳ ಕಂಪನಿಯವರು ಮಾಡಾಕ ಹತ್ತಿದ ಮ್ಯಾಲೆ ರೇಟು ಇಳದಾವ. ಮದಲಿನ ರೇಟಿಗೆ ನಮ್ಮಂಥವರು ತಿಂಗಳಾ ತಗೋಳೂದು ಆಗತಿರಲಿಲ್ಲ.


ಡಯಾಲಿಸಿಸ್_ಟೆಕ್ನೀಷಿಯನ್_ಮೈಸೂರು:

ಅಕ್ಕ, ನಾನು ಡಯಾಲಿಸಿಸ್ ಯೂನಿಟ್‌ನಲ್ಲಿ ಕೆಲಸ ಮಾಡ್ತೀನಿ. ನಮ್ಮಲ್ಲಿಗೆ ಹೊಸದಾಗಿ ಬರೋ ಶುಗರ್ ಪೇಷೆಂಟ್‌ಗಳ ಹಳೇ ಫೈಲ್ ತೆಗೆದು ನೋಡಿದ್ರೆ ಎಷ್ಟೋ ಜನರದ್ದರಲ್ಲಿ ಎಸಿಆರ್ ರಿಪೋರ್ಟ್ ಒಂದೂ ಇರಲ್ಲ. ಬರೀ ಶುಗರ್, ಕ್ರಿಯಾಟಿನಿನ್. ಕ್ರಿಯಾಟಿನಿನ್ ಏರೋ ಹೊತ್ತಿಗೆ ಕಿಡ್ನಿ ಅರ್ಧದಷ್ಟು ಹೋಗಿರತ್ತೆ. ನಿಮ್ಮ ಕೈಯಲ್ಲಿ ಆ ಕಾಗದ ಇದೆ ಅನ್ನೋದೇ ನನಗೆ ಸಮಾಧಾನ.

ಡಾಕ್ಟರು ರಕ್ತನಾಳದ ಬಗ್ಗೆ ಹೇಳಿದ್ದನ್ನ ನಾವು ದಿನಾ ಕೈಯಲ್ಲೇ ಮುಟ್ಟಿ ನೋಡ್ತೀವಿ. ಡಯಾಲಿಸಿಸ್‌ಗೆ ಕೈಯಲ್ಲಿ ಫಿಸ್ಟುಲಾ ಮಾಡಬೇಕು, ಅಪಧಮನಿನೂ ಸಿರೆನೂ ಸೇರಿಸಿ ಹೊಲೀತಾರೆ. ಬಹಳ ವರ್ಷದ ಶುಗರ್ ಇರೋರಲ್ಲಿ ಎಷ್ಟೋ ಸಲ ಅಪಧಮನಿ ಗಟ್ಟಿಯಾಗಿ ಕಡ್ಡಿ ಥರ ಆಗಿರತ್ತೆ, ಫಿಸ್ಟುಲಾ ಬಲಿಯೋದೇ ಇಲ್ಲ. ಕಾಲಿನ ಬೆರಳು ಕಳ್ಕೊಂಡು ಬಂದಿರೋರೂ ಇರ್ತಾರೆ. ಕಿಡ್ನಿ, ಕೈ, ಕಾಲು ಎಲ್ಲಾ ಒಂದೇ ಕಾಯಿಲೆ ಅಂತ ನಮಗೆ ಯಾರೂ ಪಾಠ ಮಾಡಬೇಕಾಗಿಲ್ಲ.

ಅಣ್ಣ ತೋಟದಲ್ಲಿ ಬರಿಗಾಲಲ್ಲಿ ಓಡಾಡ್ತಾರಾ? ಮೊದಲು ಅದನ್ನ ನಿಲ್ಲಿಸಿ. ರಕ್ತ ಕಡಿಮೆ ಹೋಗೋ ಪಾದದಲ್ಲಿ ಅಡಿಕೆ ಸೋಗೆಯ ಒಂದು ಸಿಗುರು ಚುಚ್ಚಿದರೂ ಗಾಯ ಮಾಯಲ್ಲ. ದಿನಾ ರಾತ್ರಿ ಕಾಲು ತೊಳೆದು ಬೆರಳ ಸಂದು ಒರೆಸಿ, ಅಂಗಾಲು ನೀವೇ ಟಾರ್ಚ್ ಹಿಡಿದು ನೋಡಿ. ಅವರಿಗೆ ಚುಚ್ಚಿದ್ದು ಗೊತ್ತಾಗದೇ ಇರಬಹುದು.


ತೋಟದಮನೆ_ಪುತ್ತೂರು:

ಎಲ್ಲರಿಗೂ ಕೈಮುಗಿದೆ. ಇವರನ್ನು ಕೂರಿಸಿಕೊಂಡು ಎಲ್ಲ ಓದಿ ಹೇಳಿದೆ. ಸ್ಪ್ರಿಂಕ್ಲರ್ ಪೈಪಿನ ಮಾತು ಕೇಳಿ ಸುಮ್ಮನಾದರು. ಮೀನಖಂಡದ ವಿಷಯ ಓದಿದಾಗ, ಆರು ತಿಂಗಳಿಂದ ಹಾಗಾಗ್ತಿದೆ, ಈಗೀಗ ಕೆರೆಯ ಹತ್ತಿರ ಮುಟ್ಟುವ ಮೊದಲೇ ನಿಲ್ಲಬೇಕಾಗ್ತದೆ ಅಂತ ಅವರೇ ಹೇಳಿದರು. ನನಗೆ ಇಷ್ಟು ಗೊತ್ತಿರಲಿಲ್ಲ. ಮುಂದಿನ ಬುಧವಾರ ಡಾಪ್ಲರಿಗೂ ಎಕೋಗೂ ಹೋಗ್ತಿದ್ದೇವೆ. ಟೆಲ್ಮಿಸಾರ್ಟಾನ್ ನಿನ್ನೆಯಿಂದ ಶುರು ಮಾಡಿದ್ದಾರೆ.

ಡಾಕ್ಟ್ರೇ, ಇನ್ನು ಕೆಲವು ಸಂಶಯ ಉಂಟು. ಸಂಬಂಧಿಕರೊಬ್ಬರು ಮೆಟ್‌ಫಾರ್ಮಿನ್ ತಿಂದೇ ಕಿಡ್ನಿ ಹೋಗುದು, ಅದನ್ನು ನಿಲ್ಲಿಸಿ ಬಿಂಬುಳಿ ಜ್ಯೂಸ್ ಕುಡಿಸಿ ಅಂತಾರೆ, ಕೊಲೆಸ್ಟ್ರಾಲೂ ಶುಗರೂ ಎರಡೂ ಇಳಿತದೆ ಅಂತೆ. ನಮ್ಮ ಅಂಗಳದಲ್ಲೇ ಮರ ಉಂಟು. ಬೇಳೆ, ಬಾಳೆಹಣ್ಣು, ಎಳನೀರು ಎಲ್ಲ ಬಂದ್ ಮಾಡಬೇಕಾ? ಮತ್ತೆ ಇವರು ಏಕಾದಶಿ ಉಪವಾಸ ಮಾಡ್ತಾರೆ, ಡಾಪಾ ಮಾತ್ರೆಗೆ ತೊಂದರೆ ಉಂಟಾ?


ನಿವೃತ್ತ_ಫಿಸಿಷಿಯನ್_ಶಿವಮೊಗ್ಗ:

ಬಿಂಬುಳಿ ಜ್ಯೂಸ್ ಬೇಡವೇ ಬೇಡ. ಸಾರಿಗೆ ಹುಳಿಗೆಂದು ಒಂದೆರಡು ಹಾಕುವುದು ಬೇರೆ, ಲೋಟಗಟ್ಟಲೆ ರಸ ಕುಡಿಯುವುದು ಬೇರೆ. ಅದರಲ್ಲಿ ಆಕ್ಸಲೇಟ್ ಬಹಳ, ಕಿಡ್ನಿಯಲ್ಲಿ ಹರಳುಗಟ್ಟುವ ವಸ್ತು ಅದು. ಕೊಲೆಸ್ಟ್ರಾಲಿಗೆಂದು ಬಿಂಬುಳಿ ರಸ ಕುಡಿದು ಕಿಡ್ನಿ ಹಠಾತ್ತನೆ ನಿಂತವರ ಬಗ್ಗೆ ಕೇರಳದ ವೈದ್ಯರು 2013ರಲ್ಲಿ ವರದಿ ಮಾಡಿದ್ದಾರೆ. ಕೆಲವರಿಗೆ ಡಯಾಲಿಸಿಸ್ ಬೇಕಾಯಿತು. ಧಾರೆಹುಳಿ ರಸಕ್ಕೂ ಇದೇ ಮಾತು. ಹೆಸರಿಲ್ಲದ ಪುಡಿ, ಭಸ್ಮಗಳನ್ನೂ ದೂರವಿಡಿ.

ಮೆಟ್‌ಫಾರ್ಮಿನ್ ಕಿಡ್ನಿಯನ್ನು ಕೆಡಿಸುವುದಿಲ್ಲ. ಕಿಡ್ನಿ ಬೇರೆ ಕಾರಣದಿಂದ ತೀರಾ ಸೋತಾಗ ಅದು ಮೈಯಲ್ಲಿ ಉಳಿದುಬಿಡುತ್ತದೆ ಎಂದು ಆಗ ನಿಲ್ಲಿಸುತ್ತೇವೆ. ಇಜಿಎಫ್‌ಆರ್ 45ಕ್ಕಿಂತ ಕೆಳಗಿಳಿದರೆ ಪ್ರಮಾಣ ಕಡಿಮೆ ಮಾಡುವುದು, 30ಕ್ಕಿಂತ ಇಳಿದರೆ ನಿಲ್ಲಿಸುವುದು. ನಿಮ್ಮವರದು 81. ಹಾಗೆ ನಿಲ್ಲಿಸಿದ್ದನ್ನು ನೋಡಿದ ಜನ, ಅದನ್ನು ತಿಂದೇ ಕೆಟ್ಟಿತು ಎಂದುಕೊಳ್ಳುತ್ತಾರೆ.

ಊಟದ ವಿಷಯದಲ್ಲಿ ಡಯಾಲಿಸಿಸ್ ರೋಗಿಯ ಪಥ್ಯವನ್ನು ಇವರ ಮೇಲೆ ಹೇರಬೇಡಿ. ಮಾವನವರಿಗೆ ಮಾಡಿದ ಪಥ್ಯ ನಿಮ್ಮ ನೆನಪಿನಲ್ಲಿದೆ, ನನಗೆ ಅರ್ಥವಾಗುತ್ತದೆ. ಇವರಿಗೆ ಬೇಳೆ ಬೇಕು. ಪ್ರೋಟೀನ್ ದೇಹದ ತೂಕದ ಕಿಲೋಗೆ 0.8 ಗ್ರಾಮಿನ ಆಸುಪಾಸಿನಲ್ಲಿ ಇದ್ದರೆ ಸಾಕು, ನಮ್ಮ ಸಸ್ಯಾಹಾರದ ಊಟದಲ್ಲಿ ಅದು ಮೀರುವುದು ಕಡಿಮೆ. ಬಾಳೆಹಣ್ಣು, ಎಳನೀರನ್ನು ಪೊಟ್ಯಾಸಿಯಂ ಏರಿದರೆ ಮಾತ್ರ ಆ ಕಾರಣಕ್ಕೆ ಬಿಡಬೇಕು. ಈಗ ಅಳತೆ ಮೀರದಿರುವುದು ಶುಗರಿನ ಕಾರಣಕ್ಕೆ. ನಿಮ್ಮ ಮನೆಯಲ್ಲಿ ನಿಜವಾಗಿ ಕೈಹಾಕಬೇಕಾದದ್ದು ಉಪ್ಪಿಗೆ. ದಿನಕ್ಕೆ 5 ಗ್ರಾಂ, ಒಂದು ಟೀ ಚಮಚದಷ್ಟು, ಎಲ್ಲ ಅಡುಗೆಯೂ ಸೇರಿ. ಮಿಡಿ ಉಪ್ಪಿನಕಾಯಿ, ಉಪ್ಪುಸೊಳೆ, ಹಪ್ಪಳ ಮೂರೂ ಒಂದೇ ದಿನ ತಟ್ಟೆಯಲ್ಲಿದ್ದರೆ ಅಲ್ಲಿಗೇ ಲೆಕ್ಕ ಮುಗಿಯಿತು. ಉಪ್ಪು ಹೆಚ್ಚಿದ್ದಲ್ಲಿ ಟೆಲ್ಮಿಸಾರ್ಟಾನ್ ತನ್ನ ಪೂರ್ತಿ ಕೆಲಸ ಮಾಡುವುದಿಲ್ಲ, ಆಲ್ಬುಮಿನ್ ಅಷ್ಟು ಇಳಿಯುವುದಿಲ್ಲ. ಗಂಜಿಗೆ ಹೆಸರುಕಾಳಿನ ಪಲ್ಯವೋ ಉಪ್ಪು ಕಡಿಮೆ ಹಾಕಿದ ಚಟ್ನಿಯೋ ಇರಲಿ. ಉಪ್ಪಿಗೆ ಬದಲು ಎಂದು ಮಾರುವ ಕಡಿಮೆ ಸೋಡಿಯಂ ಉಪ್ಪನ್ನು ಮಾತ್ರ ಡಾಕ್ಟರನ್ನು ಕೇಳದೆ ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಈ ಮಾತ್ರೆಯ ಜತೆ ಅದು ಏರಬಹುದು.

ಏಕಾದಶಿಯ ಪ್ರಶ್ನೆ ಕೇಳಿದ್ದು ಬಹಳ ಒಳ್ಳೆಯದಾಯಿತು. ಪೂರ್ತಿ ಉಪವಾಸ ಮಾಡಿ ಡಾಪಾಗ್ಲಿಫ್ಲೋಜಿನ್ ತೆಗೆದುಕೊಂಡರೆ ರಕ್ತದಲ್ಲಿ ಕೀಟೋನ್ ಆಮ್ಲ ಸೇರಿಕೊಳ್ಳುವ ಅಪಾಯವಿದೆ. ಶುಗರ್ ಹೆಚ್ಚೇನೂ ಏರದೆಯೇ ಅದು ಆಗಬಹುದು, ಹಾಗಾಗಿ ಗೊತ್ತಾಗುವುದು ತಡ. ವಾಂತಿ, ಹೊಟ್ಟೆನೋವು, ಉಸಿರು ಜೋರಾದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಅವರು ಗ್ಲಿಮಿಪ್ರೈಡನ್ನೂ ತೆಗೆದುಕೊಳ್ಳುವುದರಿಂದ ಉಪವಾಸದ ದಿನ ಶುಗರ್ ತೀರಾ ಇಳಿದುಬಿಡಬಹುದು. ಈ ಎರಡು ಮಾತ್ರೆ ಆ ದಿನ ಏನು ಮಾಡಬೇಕೆಂದು ಬುಧವಾರವೇ ಕೇಳಿ ಬರೆಸಿಕೊಳ್ಳಿ. ನನ್ನ ಅಭಿಪ್ರಾಯ ಕೇಳಿದರೆ ಫಲಾಹಾರದ ಏಕಾದಶಿ ಸಾಕು. ಮಳೆಗಾಲದಲ್ಲಿ ವಾಂತಿಭೇದಿಯಾದರೆ, ನಿಮ್ಮ ಕಡೆ ಡೆಂಗಿ, ಇಲಿಜ್ವರ ಬರುತ್ತದಲ್ಲ, ಅಂಥ ಜ್ವರದಲ್ಲಿ ಊಟ ನೀರು ಸೇರದಿದ್ದರೆ ಡಾಪಾ, ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟಾನ್ ಮೂರನ್ನೂ ತಾತ್ಕಾಲಿಕವಾಗಿ ನಿಲ್ಲಿಸಬೇಕಾಗುತ್ತದೆ. ಆವತ್ತೇ ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಸರಿಯಾಗಿ ಉಣ್ಣತೊಡಗಿದ ಮೇಲೆ ಮತ್ತೆ ಶುರು ಮಾಡಲು ಮರೆಯಬೇಡಿ. ನಿಲ್ಲಿಸಿದವರು ಎಷ್ಟೋ ಜನ ಹಾಗೇ ಬಿಟ್ಟುಬಿಡುತ್ತಾರೆ.

ಟೆಲ್ಮಿಸಾರ್ಟಾನ್ ನಿನ್ನೆ ಶುರುವಾಗಿದೆಯಲ್ಲ, ಎರಡರಿಂದ ನಾಲ್ಕು ವಾರದೊಳಗೆ ಕ್ರಿಯಾಟಿನಿನ್, ಪೊಟ್ಯಾಸಿಯಂ ಎರಡನ್ನೂ ಮಾಡಿಸಿ. ಕ್ರಿಯಾಟಿನಿನ್ ಈಗಿನದಕ್ಕಿಂತ ಶೇ 30ರ ಒಳಗೆ ಏರಿದರೆ ಸಾಮಾನ್ಯವಾಗಿ ಮಾತ್ರೆ ಮುಂದುವರಿಸುತ್ತಾರೆ. ಅದಕ್ಕಿಂತ ಹೆಚ್ಚು ಏರಿದರೆ ಕಿಡ್ನಿಗೆ ಹೋಗುವ ದೊಡ್ಡ ರಕ್ತನಾಳವೇ ಕಿರಿದಾಗಿದೆಯೇ ಎಂದು ನೋಡಬೇಕಾಗುತ್ತದೆ, ಕಾಲಿನ ನಾಳದ ತೊಂದರೆ ಇರುವವರಲ್ಲಿ ಅದೂ ಕಾಣುತ್ತದೆ. ಡಾಪ್ಲರ್ ರಿಪೋರ್ಟಿನಲ್ಲಿ ನಾಳ ಕಿರಿದಾಗಿದೆ ಎಂದು ಬಂದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್ ಬೇಕೇ ಎಂದು ಕೇಳಿ. ರೋಸುವಾಸ್ಟಾಟಿನ್ ಶುರುವಾಯಿತೇ ಎಂದು ನೀವು ಬರೆದಿಲ್ಲ. ಎಲ್‌ಡಿಎಲ್ 124 ಅನೇಕರ ಕಣ್ಣಿಗೆ ಹೆಚ್ಚಲ್ಲ ಎನ್ನಿಸಬಹುದು, ಇವರಿಗೆ ಅದು ಹೆಚ್ಚೇ. 70ಕ್ಕಿಂತ ಕೆಳಗೆ ಇಳಿಯಬೇಕು. ಅದನ್ನೂ ಇವತ್ತೇ ಶುರು ಮಾಡಿಸಿ. ಮೀನಖಂಡ ಹಿಡಿಯುತ್ತದೆಂದು ನಡೆಯುವುದನ್ನು ಬಿಡುವುದು ಬೇಡ; ಹಿಡಿಯುವವರೆಗೆ ನಡೆದು, ನಿಂತು, ಬಿಟ್ಟ ಮೇಲೆ ಮತ್ತೆ ನಡೆಯಲಿ, ದಿನಕ್ಕೆ ಅರ್ಧ ಗಂಟೆ. ಹಾಗೆ ಮಾಡಿದವರ ದೂರ ಕೆಲವೇ ತಿಂಗಳಲ್ಲಿ ಹೆಚ್ಚುತ್ತದೆ. ಆದರೆ ಎಕೋ, ಇಸಿಜಿ ನೋಡಿದ ಡಾಕ್ಟರು ಸರಿ ಎಂದ ಮೇಲೆ, ಚಪ್ಪಲಿ ಹಾಕಿಕೊಂಡು, ಮೊದಲು ಸಮತಟ್ಟು ದಾರಿಯಲ್ಲಿ.